ಹತ್ತಲಾರದ ನೊಣಗಳು

ಕಾಚಿಗೂಡದಲ್ಲಿ ಒಂದು ಮುಂಜಿಯ ಊಟಕ್ಕೆ ಕೂತಿದ್ದೆವು. ಕಾಕಾ ನನ್ನತ್ತ ಕೈ ತೋರಿಸಿ ಪಂಕ್ತಿಗೆಲ್ಲ ಕೇಳುವಂತೆ ಅಂದರು: “ನಮ್ಮ ಸೈಂಟಿಸ್ಟ್ ಸಾಹೇಬ್ರು ಲ್ಯಾಬಿನಾಗ ಕುಂತು ನೊಣ ಹೊಡಿಯಾಕತ್ತಾರ. ಅದಕ್ಕೂ ಪಗಾರ ಐತಂತ್ರಿ!”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. “ಜೀನ್ ರಿಪೇರಿ ಮಾಡಾಕತ್ತೀನಿ ಕಾಕಾ. ಹುಟ್ಟಿನಿಂದ ಬಂದ ರೋಗಾನೂ ತಿದ್ದಬಹುದು,” ಎಂದುಬಿಟ್ಟೆ. ನಗು ನಿಂತಿತು. ಅದು ನನಗೆ ಹೋಳಿಗೆಗಿಂತ ರುಚಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ನಾನು ರಿಪೇರಿ ಮಾಡುತ್ತಿರಲಿಲ್ಲ, ಕೆಡಿಸುತ್ತಿದ್ದೆ. ಹಣ್ಣಿನ ನೊಣದ ಮೊಟ್ಟೆಯಲ್ಲಿ ಒಂದು ಜೀನನ್ನು ಕತ್ತರಿಸಿ ಹಾಳುಮಾಡುವುದು, ಬೆಳೆದ ನೊಣಕ್ಕೆ ಏನು ಬಾರದಾಯಿತೆಂದು ನೋಡುವುದು. ಆ ಜೀನಿನ ಕೆಲಸ ಏನೆಂದು ಹಾಗೆ ತಿಳಿಯುತ್ತದೆ. ನನ್ನದು ಸ್ನಾಯುವಿನ ಜೀನು.

ಎದುರು ಸಾಲಿನಲ್ಲಿ ನನ್ನ ದೊಡ್ಡಮ್ಮನ ಮಗಳು, ಕುಷಾಯಿಗೂಡದ ಅಕ್ಕ, ತುತ್ತು ಎತ್ತುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು. ಅವಳ ಎಂಟು ವರ್ಷದ ಮಗಳಿಗೆ ಹುಟ್ಟಿನಿಂದಲೇ ಕಾಲಿನ ಸ್ನಾಯು ಸೋಲುವ ಕಾಯಿಲೆ. ಮರುದಿನವೇ ಫೋನ್ ಮಾಡಿದಳು. “ತಮ್ಮಾ, ನಿನ್ನೆ ಹೇಳಿದ್ದು ಖರೇನ?” ಆಗಲೇ ಇಲ್ಲ ಎನ್ನಬಹುದಿತ್ತು. “ಕರ್ಕೊಂಡು ಬಾ, ನೋಡೂಣು,” ಎಂದೆ. ದೊಡ್ಡಸ್ತಿಕೆ ಬಿಡಲಾಗಲಿಲ್ಲ.

ಶನಿವಾರ ಲ್ಯಾಬಿಗೆ ಬಂದರು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಹುಡುಗಿ ಸೋತಳು, ಅಕ್ಕ ಎತ್ತಿಕೊಂಡಳು. ರಿಪೋರ್ಟುಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದಳು. ನಾನು ಅವನ್ನು ಬಿಟ್ಟು, ಹುಡುಗಿಗೆ ನೊಣ ತೋರಿಸುತ್ತೇನೆಂದು ಎದ್ದೆ. ಕೆಡಿಸದ, ಒಳ್ಳೆಯ ನೊಣಗಳ ಗಾಜಿನ ಕೊಳವೆಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿದೆ. ತಳಕ್ಕೆ ಬಿದ್ದ ನೊಣಗಳು ಸರಸರ ಮೇಲೆ ಹತ್ತಿದವು. ಅವಳು ಚಪ್ಪಾಳೆ ತಟ್ಟಿ, ಪಕ್ಕದ ಕೊಳವೆಯನ್ನು ತಾನೇ ತೆಗೆದುಕೊಂಡು ಕುಟ್ಟಿದಳು. ಅವು ನಾನು ಕೆಡಿಸಿದವು. ತಳದಲ್ಲೇ ಕಾಲು ಆಡಿಸುತ್ತ ಬಿದ್ದುಕೊಂಡವು.

“ಇವಕ್ಕೇನಾಗೈತಿ ಮಾಮಾ?”

ನಾನೇ ಮಾಡಿದ್ದು ಎನ್ನಲು ಬಾಯಿ ಬರಲಿಲ್ಲ. “ಹುಟ್ಟಿದಾಗಿಂದ ಹಂಗ,” ಎಂದೆ.

“ನನ್ನಂಗ,” ಎಂದಳು. ಕೊಳವೆಯನ್ನು ಹುಷಾರಾಗಿ ಇದ್ದಲ್ಲೇ ಇಟ್ಟಳು. “ಹಂಗಾರ ಮೊದ್ಲ ಇವನ್ನ ರಿಪೇರಿ ಮಾಡು ಮಾಮಾ. ಭಾಳ ಸಣ್ಣು ಅದಾವು. ನಂದು ಆಮ್ಯಾಲೆ.”

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ನನ್ನಿಂದ ಒಂದು ನಿಜ, ಅಷ್ಟೆ. ನಾನು ಹುಡುಗಿಯ ತಲೆ ಸವರಿ, “ಆಗ್ಲವ್ವಾ,” ಎಂದೆ.