ಹಲೋ ಅಕ್ಕ ಮಾತು ಬಿಟ್ಟ ದಿನಗಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹಲೋ ಅಕ್ಕ ಎನ್ನುತ್ತಿದ್ದರು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಅವಳ ದನಿ ಗೊತ್ತಿಲ್ಲದವರಿರಲಿಲ್ಲ. ಮುಖ ಗೊತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ಇದ್ದದ್ದು ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ ಸೂರು ಇಳಿಬಿದ್ದಂತಿದ್ದ ಒಂದು ಪುಟ್ಟ ಕೋಣೆಯಲ್ಲಿ. ಒಂದು ಮಗ್ಗುಲಿಗೆ ಹಳೆಯ ಕಡತಗಳ ಕೋಣೆ, ಇನ್ನೊಂದು ಮಗ್ಗುಲಿಗೆ ದಿನವಿಡೀ ಗುಡುಗುವ ಬಟ್ಟೆ ಒಗೆಯುವ ಯಂತ್ರಗಳು. ಕಿಟಕಿಯೇ ಇಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದು ಫೋನ್ ಮಾಡಿದವರು ಹೇಳಿದರೆ ಅವಳಿಗೆ ತಿಳಿಯಬೇಕು.

ಅವಳ ಅಪ್ಪ ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದರು. ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಮನೆಯವರಿಗೆ ಒಂದು ಆಸರೆಯಾಗಲಿ ಎಂದು ಹಿರಿಮಗಳನ್ನು ಎಕ್ಸ್‌ಚೇಂಜಿಗೆ ತೆಗೆದುಕೊಂಡರು. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಆ ದನಿಯಲ್ಲಿ ಏನಿತ್ತೋ, ಗಾಬರಿಯಿಂದ ಕಿರುಚುತ್ತ ಫೋನ್ ಮಾಡಿದವರು ಅವಳ "ಹಲೋ, ಆಸ್ಪತ್ರೆ" ಕೇಳಿ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಸಮಾಧಾನದಿಂದ ವಿಷಯ ಹೇಳುತ್ತಿದ್ದರು. ತಿಳಿಯಾದ ದನಿ, ತುಸು ನಗು ಬೆರೆತದ್ದು.

ಆ ದನಿಗೇ ಮನಸೋತವನೊಬ್ಬನಿದ್ದ. ಆಸ್ಪತ್ರೆಗೆ ಸುತ್ತಮುತ್ತಲ ಊರುಗಳಲ್ಲಿ ಚಿಕ್ಕ ಚಿಕ್ಕ ಶಾಖೆಗಳಿದ್ದವು. ಅವುಗಳಲ್ಲೊಂದರ ಲ್ಯಾಬಿನಲ್ಲಿ ಅವನು ಕೆಲಸ ಮಾಡುತ್ತಿದ್ದ. ರಿಪೋರ್ಟಿನ ನೆಪದಲ್ಲಿ ಶುರುವಾದ ಮಾತು ಊಟ, ನಿದ್ದೆ, ಬಾಲ್ಯದವರೆಗೂ ಹೋಯಿತು. ಒಂದು ದಿನ ನೋಡಲೇಬೇಕೆಂದು ಬಸ್ಸು ಹತ್ತಿ ಬಂದ. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, ಒಳಗೆ ಕುಳಿತಿದ್ದ ಅವಳನ್ನೇ "ಆಪರೇಟರ್ ಮೇಡಂ ಎಲ್ಲಿ ಹೋದ್ರು?" ಎಂದು ಕೇಳಿದ.

"ನಾನೇ" ಎಂದಳು.

ಅವಳು ಕೊಟ್ಟ ಟೀಯನ್ನು ಅವನು ಕುಡಿದ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಆಮೇಲೆ ಅವನ ಕರೆಗಳಲ್ಲಿ ಇಂಥವರಿಗೆ ಲೈನ್ ಕೊಡಿ ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಇದನ್ನು ಅವಳು ತಂಗಿಯ ಹತ್ತಿರ ಎಷ್ಟೋ ಸಲ ತಮಾಷೆಯಾಗಿ ಹೇಳಿದ್ದಾಳೆ. ತಂಗಿ ಒಂದು ಸಲವೂ ನಕ್ಕಿಲ್ಲ.

ತಂಗಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಅಮ್ಮ ಹಾಸಿಗೆ ಹಿಡಿದು, ವರ್ಷಗಟ್ಟಲೆ ಮಲಗಿದ್ದು, ಹೋದರು. ಎರಡು ಕೋಣೆಯ ಮನೆಯಲ್ಲಿ ಹಲೋ ಅಕ್ಕ ಒಬ್ಬಳೇ ಉಳಿದಳು. ಹಗಲೆಲ್ಲ ಮಾತಾಡಿ ಬಂದವಳು ಬೀಗ ತೆಗೆದು ಒಳಗೆ ಕಾಲಿಟ್ಟರೆ, ಮಾರನೆಯ ಬೆಳಿಗ್ಗೆ ಬೀಗ ಹಾಕುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಜನಸಂಪರ್ಕ ವಿಭಾಗಕ್ಕೆ ಹೊಸ ಮೇಡಂ ಒಬ್ಬರು ಸೇರಿದ ಮೇಲೆ ಆಸ್ಪತ್ರೆಯಲ್ಲಿ ಹೊಸ ಹೊಸ ಯೋಜನೆಗಳು ಹುಟ್ಟಿಕೊಂಡವು. ಅವುಗಳಲ್ಲೊಂದು 'ಬೆಳಗಿನ ಕರೆ'. ಆಸ್ಪತ್ರೆಯಿಂದ ಮನೆಗೆ ಹೋದ, ಮನೆಯಲ್ಲಿ ಒಬ್ಬೊಬ್ಬರೇ ಇರುವವರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ ಹೇಗಿದ್ದೀರಿ, ಮಾತ್ರೆ ತಗೊಂಡ್ರಾ ಎಂದು ಕೇಳುವುದು. ಎರಡು ದಿನ ಫೋನ್ ಎತ್ತದಿದ್ದರೆ ಮನೆಗೆ ನರ್ಸನ್ನು ಕಳಿಸುವುದು. ಯಾರು ಮಾಡುತ್ತೀರಿ ಎಂದು ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹಲೋ ಅಕ್ಕ, "ನನಗೆ ಹೇಗೂ ಫೋನೇ ಕೆಲಸ, ಕೊಡಿ ಮೇಡಂ" ಎಂದಳು.

ಬೆಳಗಿನ ಕರೆಯವರಲ್ಲಿ ಅವಳನ್ನು ತುಂಬ ಹಚ್ಚಿಕೊಂಡವರು ಒಬ್ಬ ಹಳೆಯ ಟೈಲರ್. ಹೃದಯದ ತೊಂದರೆಗೆ ವಾರ್ಡಿನಲ್ಲಿದ್ದು ಹೋದವರು, ಹೆಂಡತಿ ಇಲ್ಲ, ಮಕ್ಕಳಾಗಿರಲಿಲ್ಲ. ಅವಳು ಅವರನ್ನು ಮಾಮ ಎನ್ನುತ್ತಿದ್ದಳು. ಅವರು ಫೋನ್ ಎತ್ತಿದವರೇ, "ಇನ್ನೂ ಇದೀನಮ್ಮ, ಮುಂದಿನವರನ್ನ ವಿಚಾರಿಸ್ಕೋ" ಎನ್ನುತ್ತಿದ್ದರು. ಹಾಗೆಂದು ಫೋನ್ ಮಾತ್ರ ಇಡುತ್ತಿರಲಿಲ್ಲ. ಮನೆ ಕೆಳಗಿನ ಚಪ್ಪಲಿ ಅಂಗಡಿಯವನ ದುರಹಂಕಾರ, ಈಗಿನವರು ಹೊಲಿಯುವ ಕಾಲರಿನ ಅವಸ್ಥೆ, ಎಲ್ಲವೂ ಬರುತ್ತಿತ್ತು. ಅವಳು ನಗುತ್ತಿದ್ದಳು. "ನಗು, ನಗು. ನಿನ್ನಂಥ ಚಿಕ್ಕ ಹುಡುಗೀರಿಗೆ ಎಲ್ಲಾ ನಗುನೇ" ಎನ್ನುತ್ತಿದ್ದರು. ಅವಳಿಗೆ ಆಗಲೇ ಐವತ್ತು ದಾಟಿತ್ತು. ಅದನ್ನು ಹೇಳಬೇಕು ಎಂದು ಅವಳಿಗೆ ಯಾವತ್ತೂ ಅನಿಸಲಿಲ್ಲ.

ಹೀಗಿರುವಾಗ ದನಿ ಒಡೆಯತೊಡಗಿತು. ಮೊದಲು ಶೀತ ಎಂದುಕೊಂಡಳು. ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು. ಮಾತಿನ ಮಧ್ಯೆ ದನಿ ಇದ್ದಕ್ಕಿದ್ದಂತೆ ಮಾಯವಾಗತೊಡಗಿದಾಗ ಗಂಟಲ ಡಾಕ್ಟರ ಬಳಿ ಹೋದಳು. ಅವರು ಒಳಗೆ ಕೊಳವೆ ಇಳಿಸಿ ನೋಡಿ, "ಗಂಟಿದೆ. ತೆಗೀಲೇಬೇಕು. ತೆಗೆದ ಮೇಲೇನೇ ಅದು ಎಂಥದ್ದು ಅಂತ ಗೊತ್ತಾಗೋದು" ಎಂದರು.

"ಸ್ವಲ್ಪ ದಿನ ಬಿಟ್ಟು ಮಾಡಬಹುದಾ ಡಾಕ್ಟ್ರೇ? ವಾರ್ಷಿಕ ಸಮಾರಂಭ ಇದೆ."

"ಸಮಾರಂಭ ಮುಂದಿನ ವರ್ಷವೂ ಬರುತ್ತೆ."

ಆ ವರ್ಷ ಸಿಬ್ಬಂದಿಯ ಸಾಧನೆಗೆಂದು ಕೊಡುವ ಪ್ರಶಸ್ತಿ ಹಲೋ ಅಕ್ಕನಿಗೇ ಎಂದು ನಿಶ್ಚಯವಾಗಿತ್ತು. ಬೆಳಗಿನ ಕರೆಯವರನ್ನೆಲ್ಲ ವ್ಯಾನಿನಲ್ಲಿ ಕರೆಸಿ ಅವಳ ಜೊತೆ ಮುಖಾಮುಖಿ ಮಾಡಿಸುವುದು ಮೇಡಂ ಹಾಕಿಕೊಂಡ ಯೋಜನೆ. ಆಪರೇಷನ್ನಿನ ಸುದ್ದಿ ಕೇಳಿ ಮೇಡಂ ಪೇಚಾಡಿಕೊಂಡರು. ಆಮೇಲೆ ಅವಳು ರಜೆಯಲ್ಲಿರುವಷ್ಟು ದಿನ ಕರೆಗಳನ್ನು ಯಂತ್ರಕ್ಕೆ ಒಪ್ಪಿಸುವ ಒಂದು ಉಪಾಯ ಹುಡುಕಿದರು. ಅವಳನ್ನು ತಮ್ಮ ಕೋಣೆಗೆ ಕರೆಸಿ, ದನಿ ಸರಿಯಾಗಿದ್ದ ಒಂದು ಬೆಳಿಗ್ಗೆ, ಎರಡು ಮಾತು ರೆಕಾರ್ಡ್ ಮಾಡಿಸಿಕೊಂಡರು. ಆಸ್ಪತ್ರೆಗೆ ಫೋನ್ ಮಾಡಿದವರಿಗೆ ಒಂದು. ಬೆಳಗಿನ ಕರೆಯವರಿಗೆ ಇನ್ನೊಂದು: "ನಮಸ್ಕಾರ, ಹೇಗಿದ್ದೀರಿ? ಹುಷಾರಾಗಿದ್ದರೆ ಒಂದು ಒತ್ತಿ. ಸಹಾಯ ಬೇಕಿದ್ದರೆ ಎರಡು ಒತ್ತಿ."

ಗಂಟು ತೆಗೆದರು. ಕೆಟ್ಟದ್ದಲ್ಲ ಎಂದು ವರದಿ ಬಂತು. ಗಾಯ ಮಾಯುವವರೆಗೆ ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಸಮಾರಂಭ ಆ ಮಧ್ಯೆಯೇ ಬಂತು. ಹಲೋ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತಿದಳು. ಸಭೆಯಲ್ಲಿ "ಇವರಾ?" ಎಂಬ ಗುಜುಗುಜು ಎದ್ದಿತು. ಮೂರನೇ ಮಹಡಿಯ ಸರ್ಜನ್, ದಿನಕ್ಕೆ ಹತ್ತಾರು ಸಲ ಅವಳ ಜೊತೆ ಮಾತಾಡುವವರು, ಕೈಕುಲುಕಿ "ಯಾವ ವಾರ್ಡು ನಿಮ್ದು?" ಎಂದು ಕೇಳಿದರು. ಅವಳು ಗಂಟಲು ತೋರಿಸಿ ನಕ್ಕಳು. ಹಿತ್ತಾಳೆಯ ಫಲಕ ಕೊಟ್ಟರು, ಫೋಟೋ ತೆಗೆದರು.

ಆಮೇಲೆ ಬೆಳಗಿನ ಕರೆಯವರ ಮೇಜಿಗೆ ಮೇಡಂ ಅವಳನ್ನು ಕರೆದೊಯ್ದರು. ಎಲ್ಲರೂ ಎದ್ದು ಸುತ್ತುವರಿದರು. ನಿವೃತ್ತ ಟೀಚರೊಬ್ಬರು ಅವಳ ಕೈ ಹಿಡಿದು, "ನೀನು ಎತ್ತರಕ್ಕೆ, ತೆಳ್ಳಗೆ ಇದ್ದೀಯ ಅಂತ ಅಂದ್ಕೊಂಡಿದ್ದೆ ನೋಡು" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಅವಳು ಕೈ ಸನ್ನೆಯಲ್ಲಿ ಎಲ್ಲರ ಕ್ಷೇಮ ವಿಚಾರಿಸಿದಳು. ಮಾತಾಡದವರ ಜೊತೆ ಎಷ್ಟು ಹೊತ್ತು ಮಾತಾಡುವುದು? ಸ್ವಲ್ಪ ಹೊತ್ತಿಗೆ ಟೀಚರು ಪಕ್ಕದವರ ಕಡೆ ತಿರುಗಿದರು. "ನಿಮಗೂ ಸಕ್ಕರೆ ಕಾಯಿಲೆನಾ?" ಎಂದು ಒಬ್ಬರು, "ನಿಮ್ಮ ಮನೆ ಆ ಬೀದೀಲಾ? ಅಯ್ಯೋ, ನಾನಿರೋದು ಹಿಂದುಗಡೇನೇ" ಎಂದು ಇನ್ನೊಬ್ಬರು. ಮೇಜಿನ ಸುತ್ತ ನಗು ಎದ್ದಿತು. ಹಲೋ ಅಕ್ಕ ತೊಡೆಯ ಮೇಲೆ ಫಲಕ ಇಟ್ಟುಕೊಂಡು, ಅವರೆಲ್ಲ ಒಬ್ಬರಿಗೊಬ್ಬರು ಸಿಕ್ಕಿದ್ದನ್ನು ನೋಡುತ್ತ ಕುಳಿತಳು. ಖುಷಿಯಾಗಬೇಕಿತ್ತು. ಆಯಿತು ಕೂಡ. ಅದರ ಜೊತೆಗೇ ಬೇಗ ಮನೆಗೆ ಹೋಗಿಬಿಡಬೇಕು ಎನಿಸಿತು.

ಟೈಲರ್ ಮಾಮ ಬಂದಿರಲಿಲ್ಲ. ಮೊಣಕಾಲು ನೋವಂತೆ ಎಂದು ವ್ಯಾನಿನ ಚಾಲಕ ಹೇಳಿದ.

ಮನೆಯಲ್ಲಿ ದಿನಗಳು ತೆವಳಿದವು. ಭಾನುವಾರ ತಂಗಿ ಫೋನ್ ಮಾಡಿ, "ನೀನು ಬಾಯಿ ಬಿಡ್ಬೇಡ ಕಣಕ್ಕ. ಹೌದಾದ್ರೆ ಒಂದು ಸಲ ತಟ್ಟು, ಇಲ್ಲಾಂದ್ರೆ ಎರಡು ಸಲ. ಊಟ ಆಯ್ತಾ?" ಎನ್ನುವಳು. ಅಕ್ಕ ಉಗುರಿನಿಂದ ಫೋನಿಗೆ ಒಂದು ಸಲ ತಟ್ಟುವಳು. "ಬೇಜಾರಾಗ್ತಿದ್ಯಾ?" ಎರಡು ಸಲ ತಟ್ಟುವಳು. "ಸುಳ್ಳಿ" ಎನ್ನುವಳು ತಂಗಿ. ಅಷ್ಟರಲ್ಲಿ ಆ ಕಡೆ ಯಾರೋ ಕರೆಯುವರು.

ಒಂದು ಮಧ್ಯಾಹ್ನ, ಯಾರದಾದರೂ ದನಿ ಕೇಳಿದರೆ ಸಾಕು ಎನಿಸಿ ಅವಳು ಆಸ್ಪತ್ರೆಯ ನಂಬರು ಒತ್ತಿದಳು. ಆ ಕಡೆಯಿಂದ ತಿಳಿಯಾದ, ನಗು ಬೆರೆತ ದನಿ ಬಂತು: "ನಮಸ್ಕಾರ, ಆಸ್ಪತ್ರೆಗೆ ಸ್ವಾಗತ. ನಿಮಗೆ ಏನು ಸಹಾಯ ಬೇಕು?" ಅವಳು ಗಾಬರಿಯಾಗಿ ಫೋನ್ ಇಟ್ಟುಬಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಬಾಯಿ ತೆರೆಯಬಹುದು ಎಂದು ಡಾಕ್ಟರು ಹೇಳಿದ ದಿನ ಹೊರಬಂದದ್ದು ಬೇರೆಯೇ ದನಿ. ದಪ್ಪಗೆ, ಗೊರಗೊರ ಎನ್ನುವಂಥದ್ದು. "ಇನ್ನು ಇಷ್ಟೇನಾ ಡಾಕ್ಟ್ರೇ?"

"ಸ್ವಲ್ಪ ಸುಧಾರಿಸಬಹುದು. ಮೊದಲಿನ ಹಾಗೆ ಬರೋದು ಅನುಮಾನ. ಗಂಡಾಂತರ ತಪ್ಪಿತು ಅಂತ ತಿಳ್ಕೊಳ್ಳಿ ಅಕ್ಕ."

ತಿಳಿದುಕೊಂಡಳು. ಕೆಲಸಕ್ಕೆ ಹೋಗಿ ಹೆಡ್‌ಸೆಟ್ ಹಾಕಿಕೊಂಡಳು. "ಆಪರೇಟರಿಗೆ ಕೊಡಿ ಸ್ವಾಮಿ" ಎಂದರು ಕೆಲವರು. ಟೀಚರು ಎರಡೇ ಮಾತಿಗೆ ಗುರುತು ಹಿಡಿದು, "ದನಿ ಹೋದ್ರೆ ಹೋಗ್ಲಿ, ಜೀವ ಉಳೀತಲ್ಲ" ಎಂದರು. ಟೈಲರ್ ಮಾಮ ಮಾತ್ರ ಒಪ್ಪಲಿಲ್ಲ.

"ಯಾರಮ್ಮ ನೀನು?"

"ನಾನೇ ಮಾಮ, ಎಕ್ಸ್‌ಚೇಂಜಿನವಳು."

"ಅವಳ ದನಿ ನನಗೆ ಗೊತ್ತಿಲ್ವಾ? ನಿನ್ನೆವರೆಗೂ ಅವಳೇ ಮಾಡ್ತಿದ್ಲು. ಸಮಾರಂಭಕ್ಕೆ ಬರಲಿಲ್ಲ ಅಂತ ಸಿಟ್ಟು ಅವಳಿಗೆ. ಮಾತು ಬಿಟ್ಟಿದ್ಲು. ಈಗ ನಿನ್ನ ಕೈಲಿ ಫೋನ್ ಮಾಡಿಸ್ತಿದಾಳಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟರು. ಮಾರನೆಯ ದಿನ ಎತ್ತಲಿಲ್ಲ. ಅದರ ಮಾರನೆಯ ದಿನವೂ ಎತ್ತಲಿಲ್ಲ. ನರ್ಸನ್ನು ಕಳಿಸಬೇಕಿತ್ತು. ಹಲೋ ಅಕ್ಕ, "ನಾನೇ ಹೋಗಿ ಬರ್ತೀನಿ" ಎಂದು ಅರ್ಧ ದಿನ ರಜೆ ಹಾಕಿ ಹೊರಟಳು.

ಚಪ್ಪಲಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ತುಂಬ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸಣಕಲು ಮನುಷ್ಯ, ಕುತ್ತಿಗೆಗೆ ಅಳತೆಯ ಟೇಪು. ಅವಳು ತೊಟ್ಟಿದ್ದ ಆಸ್ಪತ್ರೆಯ ಸಮವಸ್ತ್ರದ ಕೋಟನ್ನು ಮೇಲಿಂದ ಕೆಳಗೆ ನೋಡಿದರು. "ಆಸ್ಪತ್ರೆಯವಳಾ? ಭುಜ ಇಳಿದಿದೆ. ಯಾವ ಪುಣ್ಯಾತ್ಮ ಹೊಲಿದ ಇದನ್ನ?" ಎಂದರು. ಒಳಗೆ ಕರೆದರು. ಹೊಲಿಗೆ ಯಂತ್ರ, ಒಂದು ಮಂಚ, ಕಿಟಕಿಯ ಹತ್ತಿರ ಫೋನು. ಫೋನಿನ ಮುಂದೆ ಒಂದು ಕುರ್ಚಿ, ಮನೆಯಲ್ಲಿ ಅದೊಂದೇ. ಅದನ್ನು ಅವಳಿಗೆ ಕೊಟ್ಟು ತಾವು ಮಂಚದ ಮೇಲೆ ಕುಳಿತರು.

"ಫೋನ್ ಯಾಕೆ ಎತ್ತಲಿಲ್ಲ ಮಾಮ?"

ಮೊನ್ನೆ ಫೋನಿನಲ್ಲಿ ಕೇಳಿದ್ದ ಆ ಗೊರಗೊರ ದನಿಯನ್ನು ಗುರುತಿಸಿದರು. "ಓ, ನೀನಾ ಅದು." ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅವಳಿಗೆ ಹೇಳು. ನನ್ನ ಮೊಣಕಾಲು ನಿಜವಾಗ್ಲೂ ನೋಯ್ತಿತ್ತು. ದಿನಾ ತಪ್ಪಾಯ್ತು ಅಂತ ಹೇಳ್ದೆ. ಅವಳು ಒಂದು ಒತ್ತಿ ಅಂತಾಳೆ, ಆಮೇಲೆ ಸುಮ್ನಾಗ್ತಾಳೆ. ಕೊನೆಗೆ, ಇವಳ ಹತ್ರ ಹೇಳಿದ್ರೆ ತಪ್ಪಿಲ್ಲ ಅಂತ, ನನ್ನ ಹೆಂಡತಿ ವಿಷಯಾನೂ ಹೇಳ್ದೆ. ಯಾರ ಹತ್ರನೂ ಹೇಳಿದ್ದಲ್ಲ ಅದು. ಅದಕ್ಕೂ ಮಾತಿಲ್ಲ." ತಲೆ ಎತ್ತಿ ಅವಳನ್ನೇ ನೋಡಿದರು. "ಚಪ್ಪಲಿ ಅಂಗಡಿಯವನು ಅಂತಾನೆ, ಅದು ಮನುಷ್ಯರಲ್ಲ, ಯಂತ್ರ ಅಂತ. ಹೌದೇನಮ್ಮ? ನಾನು ಅಷ್ಟು ದಿನ ಯಂತ್ರದ ಹತ್ರ ಮಾತಾಡ್ತಿದ್ನಾ?"

ಅದನ್ನು ವಿವರಿಸಲೆಂದೇ ಹಲೋ ಅಕ್ಕ ಮೆಟ್ಟಿಲು ಹತ್ತಿ ಬಂದಿದ್ದಳು. ಆ ಮುಖ ನೋಡಿ ಮಾತು ಬೇರೆಯೇ ಬಂತು.

"ನನಗೆ ಗಂಟಲು ಆಪರೇಷನ್ ಆಗಿತ್ತು ಮಾಮ. ಬಾಯಿ ಬಿಡೋ ಹಾಗಿರಲಿಲ್ಲ. ಮೊದಲೇ ಹೇಳಿಟ್ಟಿದ್ದ ಮಾತನ್ನ ಹಾಕ್ತಿದ್ದೆ. ಆದ್ರೆ ಲೈನಲ್ಲಿ ನಾನೇ ಇರ್ತಿದ್ದೆ. ನೀವು ಹೇಳಿದ್ದೆಲ್ಲ ಕೇಳಿಸ್ಕೊಂಡೆ."

"ಎಲ್ಲಾನೂ?"

"ಎಲ್ಲಾನೂ."

ಅವರು ಟೇಪನ್ನು ಮಂಚದ ಮೇಲಿಟ್ಟರು. ಆಮೇಲೆ ಕೈ ಚಾಚಿ, "ಕೋಟು ಕೊಡು" ಎಂದರು. ಭುಜದ ಹೊಲಿಗೆ ಬಿಚ್ಚಿ, ಒಳಗೆ ಮಡಿಚಿ, ಯಂತ್ರ ತುಳಿದು ಸರಿಮಾಡಿ ಕೊಟ್ಟರು. ಅವಳು ಹೊರಡುವಾಗ, "ನೀನು ಚಿಕ್ಕ ಹುಡುಗಿ ಅಂದ್ಕೊಂಡಿದ್ದೆ" ಎಂದರು. "ನಾನೂ ಹಾಗೇ ಅಂದ್ಕೊಂಡಿದ್ದೆ ಮಾಮ" ಎಂದಳು. ಇಬ್ಬರೂ ನಕ್ಕರು.

ಮಾರನೆಯ ಬೆಳಿಗ್ಗೆ ಒಂದು ಸಲ ಗಂಟೆ ಬಾರಿಸುತ್ತಲೇ ಟೈಲರ್ ಮಾಮ ಫೋನ್ ಎತ್ತಿದರು. ಆಮೇಲೆ ಯಾವತ್ತೂ ತಪ್ಪಿಸಲಿಲ್ಲ. ಜನಸಂಪರ್ಕದ ಮೇಡಂ ಆ ರೆಕಾರ್ಡಿಂಗನ್ನು ಹಾಗೇ ಉಳಿಸಿಕೊಳ್ಳೋಣವೇ ಎಂದು ಕೇಳಿದರು, ಜನ ಇಷ್ಟಪಡುತ್ತಾರೆ ಎಂದರು. ಹಲೋ ಅಕ್ಕ ಬೇಡವೆಂದಳು. ಬೆಳಗಿನ ಕರೆಯಿಂದ ಅದನ್ನು ತೆಗೆಸಿದರು, ಆಸ್ಪತ್ರೆಯ ಮುಖ್ಯ ನಂಬರಿನಲ್ಲಿ ಮಾತ್ರ ಅವಳ ಹಳೆಯ ದನಿ ಈಗಲೂ ಇದೆ.

ಕೆಲವು ವಾರಗಳ ನಂತರ ಒಂದು ದಿನ ಟೈಲರ್ ಮಾಮ ಕಾಲರಿನ ವಿಷಯ ಅರ್ಧಕ್ಕೇ ನಿಲ್ಲಿಸಿದರು.

"ಆವತ್ತು ಹೇಳಿದ್ನಲ್ಲಮ್ಮ, ನನ್ನ ಹೆಂಡತಿ ವಿಷಯ."

"ಹೂಂ ಮಾಮ."

"ನಾನು ಮಾಡಿದ್ದು ಸರೀನಾ? ನಿನಗೇನನ್ಸುತ್ತೆ?"

ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರ ಗಿರ್ರನೆ ಸುತ್ತಿ ನಿಂತಿತು. ಹಲೋ ಅಕ್ಕ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡಳು. "ಆಗ ನೀವು ಇನ್ನೇನು ಮಾಡೋಕಾಗ್ತಿತ್ತು ಮಾಮ?"

ಆ ಕಡೆ ದೊಡ್ಡದೊಂದು ಉಸಿರು ಕೇಳಿಸಿತು. "ಅದೇ ನೋಡು. ನಾನೂ ಹಾಗೇ ಅಂದ್ಕೊಳ್ಳೋದು."

ಅವರು ಏನು ಮಾಡಿದ್ದರು ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಅವರು ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಖಾಲಿ ಲೈನಿನ ಗುಂಯ್ ಶಬ್ದ ಕೇಳುತ್ತ ಕುಳಿತಿದ್ದಳು. ಆಮೇಲೆ ಟೀಚರ ನಂಬರು ಒತ್ತಿದಳು.