ಕಲ್ಲು ಬಿತ್ತಿದ ಮೋನಮ್ಮ

ರಂಗಂಪೇಟೆಯಾಚೆಯ ಗುಡ್ಡದ ಇಳಿಜಾರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೋನಮ್ಮ ಆಗಲೇ ದ್ರಾಕ್ಷಿ ಸಾಲಿನ ನಡುವೆ ಕುಕ್ಕುರುಗಾಲಲ್ಲಿ ಕುಳಿತು, ಬಳ್ಳಿಯ ಬುಡದ ಕಲ್ಲುಗಳನ್ನು ಮುಟ್ಟಿ ನೋಡುತ್ತಿದ್ದಾರೆ. "ನಿನ್ನಿ ಬಿಸಿಲು ಇನ್ನಾ ಐತ್ರಿ ಇದರಾಗ. ಕೈ ಇಟ್ಟು ನೋಡ್ರಿ." ಇಟ್ಟರೆ ನಿಜಕ್ಕೂ ಬೆಚ್ಚಗಿದೆ. ಇವತ್ತು ಹಣ್ಣು ಕೊಯ್ಯುವ ದಿನ. ಈ ಸಲದ ರಸಕ್ಕೆ ಹಳೆಯ ರುಚಿ ಬಾರದಿದ್ದರೆ ಬಳ್ಳಿ ಕಿತ್ತು ತೋಟ ಮಾರಿಬಿಡುವುದಾಗಿ ಮಾಲೀಕ ಖಾಜಾಹುಸೇನ ಹೇಳಿದ್ದಾರೆ. ಮೋನಮ್ಮನಿಗೆ ನಿದ್ದೆ ಹತ್ತಿಲ್ಲ.

ನಿಜಾಮರ ಕಾಲದಿಂದಲೂ ಈ ತೋಟದ ವೈನಿಗೆ ಹೈದರಾಬಾದಿನವರೆಗೆ ಹೆಸರು. ಹರಳು ಬೆರೆತ ಗರಸು ಮಣ್ಣು, ನಿಲ್ಲದೆ ಇಳಿದುಹೋಗುವ ನೀರು, ಇಳಿಜಾರಿಗೆ ಅಡ್ಡಲಾಗಿ ಹಚ್ಚಿದ ಬಳ್ಳಿ, ಬುಡಕ್ಕೆಲ್ಲ ಕಲ್ಲು. ಹಣ್ಣು ಸಣ್ಣದು, ರಸ ಗಟ್ಟಿ. ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಜೊತೆ ಇಲ್ಲಿ ಬಳ್ಳಿ ಕತ್ತರಿಸಲು ನಿಂತವರು ಮೋನಮ್ಮ. ಈಗ ಅವರ ತಲೆಗೂದಲು ಪೂರಾ ಬೆಳ್ಳಗಾಗಿದೆ.

ಆಮೇಲೆ ಕಾಲುವೆಗೆ ಕೃಷ್ಣೆಯ ನೀರು ಬಂತು. ಶಹಾಪುರ, ಸುರಪುರದ ರೈತರೆಲ್ಲ ಹಿಗ್ಗಿ ಹೀರೇಕಾಯಿಯಾದರು. ಹೊಲದ ಕಲ್ಲು ಆರಿಸಿ, ನೆಲ ಸಮ ಮಾಡಿ, ಭತ್ತ ಹಚ್ಚಿದರು. ಮೋನಮ್ಮ ಹಿಂದೆ ಬಿದ್ದಾರೆಯೇ?

"ಕಲ್ಲಿಲ್ಲದ ಹೊಲಾನ ಚೊಲೋ ಹೊಲ ಅಂತ ತಿಳ್ಕೊಂಡಿದ್ವಿ. ನಾನೂ ಎಲ್ಲಾ ಕಲ್ಲು ಹೊತ್ತು ಬದುವಿಗೆ ಒಗದೆ. ಪಂಪು ಹಚ್ಚಿ ನೀರು ಬಿಟ್ಟಿದ್ದ ಬಿಟ್ಟಿದ್ದು. ದ್ರಾಕ್ಷಿ ಬಳ್ಳಿ ಹೋಗಿ ಕುಂಬಳ ಬಳ್ಳಿ ಆತು ನೋಡ್ರಿ!" ಎಂದು ಹಣೆ ಚಚ್ಚಿಕೊಂಡು ನಗುತ್ತಾರೆ. ಹಣ್ಣು ಉಬ್ಬಿದವು, ರಸ ನೀರಾಯಿತು. ಹಳೆಯ ಗಿರಾಕಿಗಳು ಬಾಟಲಿ ವಾಪಸು ತಂದಿಟ್ಟರು.

ದಾರಿ ತೋರಿಸಿದ್ದು ಗಿಳಿಗಳು. ಇಡೀ ತೋಟ ಬಿಟ್ಟು ಮೇಲಿನ ಮೂಲೆಗೇ ಮುಗಿಬೀಳುತ್ತಿದ್ದವು. ಆ ಮೂಲೆಗೆ ಪೈಪು ಮುಟ್ಟುತ್ತಿರಲಿಲ್ಲ. ಅಲ್ಲಿನ ಕಲ್ಲು ಆರಿಸಲು ಮೋನಮ್ಮನಿಗೆ ಪುರಸೊತ್ತೂ ಆಗಿರಲಿಲ್ಲ. ಒಂದು ಹಣ್ಣು ಬಾಯಿಗೆ ಹಾಕಿಕೊಂಡರು, ಅತ್ತೆಯ ಕಾಲದ ರುಚಿ! ಓಡಿಹೋಗಿ ಮಾಲೀಕರಿಗೆ ತಿನ್ನಿಸಿದರು. "ಇನ್ನೊಂದು ಬೆಳಿ ನೋಡೂಣು, ಅಷ್ಟ," ಎಂದರು ಖಾಜಾಹುಸೇನ.

ಅಂದಿನಿಂದ ಪಂಪು ಬಂದ್. ಬದುವಿಗೆ ಒಗೆದ ಕಲ್ಲನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮತ್ತೆ ಗುಡ್ಡ ಹತ್ತಿಸುವ ಕೆಲಸ. ಭತ್ತದ ಗದ್ದೆಗೆ ಹೊರಟ ಗೆಳತಿ ಭೀಮಮ್ಮ ದಿನಾ ಕಾಡಿಸುವವರು: "ಏ ಮೋನವ್ವಾ, ಕಲ್ಲು ಬಿತ್ತಾಕತ್ತೀಯೇನ? ಮಳಿ ಬರ್ಲಿ, ಮೊಳಕಿ ಒಡೀತಾವ ಬಿಡು!"

ಇವತ್ತು ಹೊತ್ತೇರುವಷ್ಟರಲ್ಲಿ, ಕೊಯ್ದ ಹಣ್ಣು ಹಿಂಡುವ ಕಲ್ಲಿನ ಕೋಣೆಯಲ್ಲಿ ಹೊಸ ರಸ ಇಳಿಯುತ್ತದೆ. ಖಾಜಾಹುಸೇನ ಒಂದು ಗುಟುಕು ಕುಡಿದು ಕಣ್ಣು ಮುಚ್ಚುತ್ತಾರೆ. ಮೋನಮ್ಮ ಸೆರಗು ಬಾಯಿಗೊತ್ತಿ ನಿಂತಿದ್ದಾರೆ.

"ಗುಡ್ಡದ ರುಚಿ ತಿರುಗಿ ಬಂದೈತಿ, ಮೋನಮ್ಮ. ತೋಟ ಎಲ್ಲೂ ಹೋಗಂಗಿಲ್ಲ."

ಮೋನಮ್ಮ ಬೋರಲು ಹಾಕಿದ ಬುಟ್ಟಿಯ ಮೇಲೆ ಕುಸಿದು, ಅಳುತ್ತಲೇ ನಗುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ, ಆರಿಸಿಟ್ಟ ಗೊಂಚಲೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದೇಬಿಡುತ್ತಾರೆ. "ಮೊದಲ ಭೀಮಮ್ಮನ ಮನಿಗೆ ಹೋಗ್ಬೇಕ್ರಿ. ಕಲ್ಲು ಮೊಳಕಿ ಒಡದಾವ, ತಿಂದು ನೋಡ ಅನ್ಬೇಕು."