ಶುಕ್ರವಾರ ತಲೆಗೆ ನೀರು

ನಾನು "ಊಂ" ಅಂದೆ. ನನ್ನ ತಪ್ಪು ಅದೇ — ಒಂದು "ಊಂ". ಸುಳ್ಳು ಹೇಳಿದೆ ಅನ್ನಲಿಕ್ಕೂ ಆಗದಷ್ಟು ಚಿಕ್ಕದು. ಆದರೆ ಅದರಿಂದಾಗಿ ನನ್ನ ಓರಗಿತ್ತಿ ಮಾದೇವಮ್ಮ, ನನ್ನ ಗಂಡನ ಅಣ್ಣನ ಹೆಂಡತಿ, ನಾನು ಬಾಯ್ತುಂಬ ಅಕ್ಕ ಅಂತ ಕರೆಯುವವಳು, ಶಿವ ತನ್ನ ಮೇಲೆ ಮುನಿಸಿಕೊಂಡಿದ್ದಾನೆ ಎಂದು ನಂಬಿ ವರ್ಷಗಟ್ಟಲೆ ಬದುಕಿದಳು. ಅದು ನಿಜವಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೀಗ — ನನ್ನ ಬಾಯಿಗೆ! ದೊಡ್ಡಗಾಜನೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಗೌರಿ ಮಾತಿಗೆ ನಿಂತರೆ ತಾಳವಾಡಿ ಬಸ್ಸು ಬಂದು ಹೋದರೂ ಅವಳಿಗೆ ಗೊತ್ತಾಗುವುದಿಲ್ಲ ಅನ್ನುತ್ತಾರೆ.

ನಡೆದದ್ದು ಊರಿನಲ್ಲಲ್ಲ, ಜಪಾನಿನಲ್ಲಿ. ನಗಬೇಡಿ, ನಮಗೂ ಆಗ ನಗುವೇ ಬಂದಿತ್ತು. ಹಳೆಯ ರಾಗಿ ಬೀಜಗಳನ್ನು ಕಾಪಾಡುವ ಹೆಂಗಸರ ಗುಂಪೊಂದು ನಮ್ಮ ಬೆಟ್ಟದ ಊರುಗಳಲ್ಲಿತ್ತು. ಅಲ್ಲಿಯೂ ಒಂದು ಬೆಟ್ಟದ ಹಳ್ಳಿಯಂತೆ, ಮುದುಕ ಮುದುಕಿಯರೇ ನವಣೆ ಬೆಳೆಯುತ್ತಾರಂತೆ, ಒಬ್ಬರ ಬೀಜ ಒಬ್ಬರು ನೋಡಲಿ ಎಂದು ಯಾರೋ ಪುಣ್ಯಾತ್ಮರು ಏರ್ಪಾಡು ಮಾಡಿದ್ದರು. ಆರಿಸಿದ್ದು ಅಕ್ಕನನ್ನು. ಅತ್ತೆಯಿಂದ ಬಂದ ಕಪ್ಪು ತೆನೆಯ ರಾಗಿಯನ್ನು ಉಳಿಸಿಕೊಂಡು ಬಂದವಳು ಅವಳು, ಬಿತ್ತನೆಯ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಹಾಕುವ ಕೈ ಅವಳದು. ನಮ್ಮೂರು ತಮಿಳುನಾಡಿಗೆ ಸೇರಿದ್ದು, ನನಗೆ ತಮಿಳು ಚೆನ್ನಾಗಿ ಬರುತ್ತದೆ; ಚಾಮರಾಜನಗರದ ಕಡೆಯಿಂದ ಬಂದ ಅವಳಿಗೆ ತಮಿಳು ಬಸ್ಸಿಗೆ ಮತ್ತು ಸಂತೆಗೆ ಸಾಕಾಗುವಷ್ಟು ಮಾತ್ರ ಬರುತ್ತಿತ್ತು. ಅಲ್ಲಿ ನಮ್ಮ ಮಾತು ತಿರುಗಿಸಿ ಹೇಳಲು ಸಿಕ್ಕವಳು ಸೆಲ್ವಿ ಎಂಬ ತಮಿಳು ಹುಡುಗಿ. ಹಾಗಾಗಿ ಅಕ್ಕನ ಕಿವಿಯಾಗಿ, ಅಕ್ಕನ ಬಾಯಾಗಿ ನಾನು ಹೊರಟೆ. ಅಕ್ಕನ ಬಾಲವಾಗಿ ಅಂತಲೂ ಊರಿನಲ್ಲಿ ಅಂದರು. ಅದು ನನಗೆ ನಾಟಿತ್ತು — ಈಗ ಹೇಳುತ್ತಿದ್ದೇನೆ, ಆಗ ನಕ್ಕುಬಿಟ್ಟಿದ್ದೆ.

ಆ ಹಳ್ಳಿಯ ನೆನಪು ಬಂದರೆ ಈಗಲೂ ಮೈ ಬೆಚ್ಚಗಾಗುತ್ತದೆ. ನಮ್ಮ ದಿಂಬಂ ಘಟ್ಟದ ತಿರುವುಗಳಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂರುವ ಅಕ್ಕ ಅಲ್ಲಿನ ಬೆಟ್ಟ ಹತ್ತುವಾಗ ಮಾತ್ರ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಮರದ ಮನೆಗಳು, ಕೆಂಪಗೆ ಹಣ್ಣಾದ ಎಲೆಗಳು, ಬೆಟ್ಟದ ನೆತ್ತಿಯಲ್ಲಿ ಒಂದಿಷ್ಟು ಹಿಮ. ಬೀದಿಯ ಚರಂಡಿಯಿಂದ ಹಬೆ ಏಳುತ್ತಿತ್ತು, ಊರಿಗೆ ಊರೇ ಮುದ್ದೆಗೆ ಎಸರಿಟ್ಟ ಹಾಗೆ. ನೆಲದೊಳಗಿಂದಲೇ ಬಿಸಿನೀರು ಬರುವ ಊರದು. ಜೊತೆಗೆ ಒಂದು ಗಬ್ಬು ವಾಸನೆ. ಅಕ್ಕ ಮೂಗು ಮುಚ್ಚಿಕೊಂಡು "ಈ ಚಳೀಲಿ ಯಾರಮ್ಮಿ ಪಟಾಕಿ ಸುಟ್ಟೋರು?" ಅಂದಳು. ಗಂಧಕವಂತೆ. ನಾವಿದ್ದ ಮನೆಯ ಯಜಮಾನಿ ಬೆನ್ನು ಬಾಗಿದ ಮುದುಕಿ, ಅವರ ಹೆಸರಿಗೆ ನಾಲಿಗೆ ಹೊರಳದೆ ಬಿಸಿನೀರಜ್ಜಿ ಎಂದು ಹೆಸರಿಟ್ಟುಕೊಂಡೆವು. ಆ ಬುಗ್ಗೆಯ ನೀರಲ್ಲೇ ಬೇಯಿಸಿದ ಮೊಟ್ಟೆ ತಂದುಕೊಟ್ಟರು. ನಾವು ಲಿಂಗ ಕಟ್ಟಿದವರು, ತಿನ್ನುವುದಿಲ್ಲ ಅಂತ ಸೆಲ್ವಿ ಏನೋ ಹೇಳಿದಳು. ಪಾಪ, ಅಜ್ಜಿ ಕೆನ್ನೆ ಬಡಿದುಕೊಂಡು ಒಳಗೆ ಓಡಿ, ಅದೇ ಹಬೆಯಲ್ಲಿ ಬೆಂದ ಸಿಹಿಗೆಣಸು ತಂದರು. ಅಷ್ಟು ರುಚಿಯ ಗೆಣಸು ನಾನು ಆಮೇಲೆ ತಿಂದಿಲ್ಲ.

ಹೊರಡುವ ಹಿಂದಿನ ದಿನ ಅಜ್ಜಿ ನಮ್ಮನ್ನು ಸ್ನಾನಕ್ಕೆ ಕರೆದರು. ಬಟ್ಟೆ ಇಲ್ಲದೆ ಹೆಂಗಸರೆಲ್ಲ ಒಂದೇ ಕೊಳಕ್ಕೆ ಇಳಿಯಬೇಕು, ಅಲ್ಲಿನ ಕ್ರಮ ಅದು. ಅಕ್ಕ ಬೆಚ್ಚಿಬಿದ್ದಳು. "ಮಾನ ಮರ್ವಾದಿ ಎಲ್ಲಾ ವಿಮಾನ್ದಲ್ಲೇ ಬುಟ್ಟು ಬಂದ್ವಾ?" ಅಂದಳು. ನನಗೆ ಆಸೆ. ಒಬ್ಬಳೇ ಇಳಿಯಲು ನಾಚಿಕೆ. ಕಳೆ ಕಿತ್ತು ಕಿತ್ತು ಅವಳ ಮಂಡಿ ಹಿಡಿದುಕೊಂಡಿತ್ತಲ್ಲ, ಅದನ್ನೇ ಹಿಡಿದು ಕಾಡಿದೆ, ಬೇಡಿದೆ, ಕಡೆಗೆ ಒಪ್ಪಿಸಿದೆ. ಬಟ್ಟೆ ಬಿಚ್ಚುವ ಕೋಣೆಯಲ್ಲಿ ನಾವಿಬ್ಬರೂ ಗೋಡೆ ನೋಡಿಕೊಂಡು ನಿಂತಿರುವಾಗ ಸೆಲ್ವಿ ಬಾಗಿಲಿಂದ ಕೂಗಿ ಹೇಳಿದಳು — "ವೆಳ್ಳಿ ಏದುಂ ಪೋಟ್ಟುಟ್ಟು ಇರಂಗಾದೀಂಗ, ಕರುತ್ತುಡುಂ." ಬೆಳ್ಳಿ ಹಾಕಿಕೊಂಡು ನೀರಿಗಿಳಿಯಬೇಡಿ, ಕಪ್ಪಾಗಿಬಿಡುತ್ತದೆ. ಹೇಳಿದವಳೇ ಹೊರಟುಹೋದಳು.

ನಮ್ಮಿಬ್ಬರ ಎದೆಯ ಮೇಲೂ ಬೆಳ್ಳಿ ಇತ್ತು. ಮದುವೆಯಲ್ಲಿ ಅತ್ತೆ ಕೊಟ್ಟ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ಮೈಯಿಂದ ತೆಗೆಯುವ ಮಾತಿಲ್ಲ, ಅದು ಹೋಗುವುದು ನಾವು ಹೋದಾಗಲೇ.

ತಮಿಳಿನಲ್ಲಿ ವೆಳ್ಳಿ ಅಂದರೆ ಬೆಳ್ಳಿಯೂ ಹೌದು, ಶುಕ್ರವಾರವೂ ಹೌದು. ಸಂತೆಯ ತಮಿಳಿನ ಅಕ್ಕನಿಗೆ ಗೊತ್ತಿದ್ದದ್ದು ಶುಕ್ರವಾರ ಒಂದೇ. ಅಂದು ಶುಕ್ರವಾರವೇ ಆಗಿರಬೇಕೇ! ಅವಳು ನನ್ನ ಕಡೆ ತಿರುಗಿ ಕೇಳಿದಳು:

"ವೆಳ್ಳಿ ಅಂತ ಏನೋ ಅಂದ್ಳಲ್ಲಮ್ಮಿ. ಸುಕ್ರವಾರ ತಲೆಗೆ ನೀರಾಕಬಾರ್ದಂತಾ ಇಲ್ಲಿ?"

ನಾನು "ಊಂ" ಅಂದೆ.

ನಗು ಬಂದಿತ್ತು, ಅದು ನಿಜ. ಬೆಳ್ಳಿ ಅಂದರೆ ಇವಳು ನೀರಿಗೇ ಇಳಿಯುವುದಿಲ್ಲ, ಇಷ್ಟು ಹೊತ್ತು ಕಾಡಿದ್ದೆಲ್ಲ ದಂಡ — ಅದೂ ನಿಜ. ಆದರೆ ಇನ್ನೊಂದು... ಅದನ್ನು ಹೇಳದಿದ್ದರೆ ಇದನ್ನೆಲ್ಲ ಹೇಳಿ ಏನು ಬಂತು? ಅತ್ತೆಯ ಬಾಯಲ್ಲಿ ಬೆಳಗಾದರೆ ಮಾದೇವಿ, ಸಂಜೆಯಾದರೆ ಮಾದೇವಿ. ಬೀಜ ಅವಳ ಕೈಲಿ, ಮೊದಲ ಹಿಡಿ ಅವಳ ಕೈಲಿ, ಜಪಾನೂ ಅವಳಿಂದ. ಅವಳ ಕರಡಿಗೆ ಒಂದಿಷ್ಟು ಕಪ್ಪಾದರೆ ಆಗಲಿ ಅಂತ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ಅಷ್ಟು ಸಾಕಾಯಿತು.

"ಎಂಥ ದೇಸನಪ್ಪಾ! ನಮ್ಮೂರಲ್ಲಿ ಸುಕ್ರವಾರವೇ ಎಣ್ಣೆನೀರು" ಎಂದು ಗೊಣಗುತ್ತ ಅಕ್ಕ ಕೂದಲನ್ನು ಎತ್ತಿ ಗಂಟು ಹಾಕಿಕೊಂಡಳು. ನಾನು ನನ್ನ ಕರಡಿಗೆಯನ್ನು ಕೊರಳಿಂದ ತೆಗೆದು, ಅವರು ಕೊಟ್ಟ ಚಿಕ್ಕ ಟವೆಲಿನಲ್ಲಿ ಮಡಿಸಿ, ಅಲ್ಲಿನ ಹೆಂಗಸರ ಹಾಗೆ ನೆತ್ತಿಯ ಮೇಲೆ ಇಟ್ಟುಕೊಂಡೆ. ಯಾಕಮ್ಮಿ ಅಂದಳು. "ಸಿವದಾರ ಸಡ್ಲ ಆಗದೆ ಕಣಕ್ಕ, ನೀರ್ಗೆ ಬಿದ್ದಾತು" ಅಂದೆ. ಇದು ಎರಡನೆಯದು. ಇದಕ್ಕೆ ಯಾರೂ ನನ್ನ ಬಾಯಿಗೆ ಮಾತು ಹಾಕಿರಲಿಲ್ಲ.

ನೀರಿಗಿಳಿದೆವು. ಅಬ್ಬಾ ಆ ನೀರು! ಎದುರಿಗೆ ಬೆಟ್ಟದ ಸಾಲು, ನಮ್ಮ ಜೀರಹಳ್ಳಿ ಕಾಡಿನಂಚಿನಲ್ಲಿ ನಿಂತು ನೋಡಿದ ಹಾಗೇ ಒಂದರ ಹಿಂದೊಂದು. ಅಕ್ಕ ಕತ್ತಿನವರೆಗೂ ಮುಳುಗಿ ಕಣ್ಣು ಮುಚ್ಚಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಹೀಗೆ ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. "ಅತ್ತೇನೂ ಕರ್ಕಂಡ್ ಬರಬೇಕಾಗಿತ್ತು ಕಣಮ್ಮಿ" ಅಂದಳು. ಅತ್ತೆ ಇಲ್ಲಿ ಬಟ್ಟೆ ಬಿಚ್ಚುವುದನ್ನು ನೆನೆಸಿಕೊಂಡು ನಾನು ಕಿಸಕ್ಕನೆ ನಕ್ಕೆ, ಅವಳಿಗೂ ಹತ್ತಿಕೊಂಡಿತು. ಇಬ್ಬರೂ ನಕ್ಕೆವು, ನಕ್ಕೆವು, ಬಿಸಿನೀರಜ್ಜಿಯೂ ಕಾರಣ ಗೊತ್ತಿಲ್ಲದೆ ನಕ್ಕರು. ನಗುವ ರಭಸಕ್ಕೆ ಅಕ್ಕನ ಗಂಟು ಬಿಚ್ಚಿಕೊಂಡು ಉದ್ದನೆಯ ಕೂದಲು ನೀರಿನ ಮೇಲೆ ಹರಡಿಕೊಂಡಿತು. ಅವಳು "ಅಯ್ಯಯ್ಯೋ, ಸುಕ್ರವಾರ!" ಎಂದು ಬಾಚಿಕೊಂಡಳು, ಮತ್ತೆ ನಕ್ಕಳು. ನಾವಿಬ್ಬರೂ ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ಆ ದಿನದ ನೆನಪನ್ನೂ ನಾನೇ ಕೆಡಿಸಿಕೊಂಡೆ.

ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಅವಳು ಕೆಳಗೆ ನೋಡಿಕೊಂಡಳು. ಕರಡಿಗೆ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು.

ಅವಳು ಎರಡೂ ಕೈಯಲ್ಲಿ ಅದನ್ನು ಮುಚ್ಚಿ ಹಿಡಿದು ಹಾಗೇ ಕುಕ್ಕರಿಸಿದಳು. "ಏಳಿದ್ರು ಅವ್ರು, ಸುಕ್ರವಾರ ಬ್ಯಾಡ ಅಂತ. ನಾನೇ ತಲೆ ನೆನಸ್ಕಂಡೆ. ಸಿವ ಮೊಕ ತಿರುಗ್ಸಬುಟ್ಟ ಕಣಮ್ಮಿ" ಅಂದಳು. ಆಮೇಲೆ ನನ್ನ ನೆತ್ತಿ ನೋಡಿ, "ನಿಂದು ಉಳೀತಲ್ಲ. ಅಷ್ಟೇ ಪುಣ್ಯ" ಅಂದಳು.

ಆಗ ಹೇಳಬಹುದಿತ್ತು. ಎರಡು ಮಾತು. ಅಯ್ಯೋ ಅಕ್ಕ, ನೀರಿನ ಗುಣ ಕಣಕ್ಕ, ಅಂದಿದ್ದರೆ... ಆದರೆ ನನ್ನದನ್ನು ಯಾಕೆ ತೆಗೆದಿಟ್ಟುಕೊಂಡೆ ಎಂದು ಕೇಳುತ್ತಿದ್ದಳಲ್ಲ. "ಯಾರ್ಗೂ ತೋರಿಸ್ಬ್ಯಾಡ, ನಗ್ತರೆ" ಅಂದೆ. ಸೆಲ್ವಿ ನೋಡಿದ್ದರೆ ಬಾಯಿಬಿಡುತ್ತಿದ್ದಳು. ಅಕ್ಕ ಅದನ್ನು ರವಿಕೆಯೊಳಗೆ ತಳ್ಳಿಕೊಂಡಳು. ಬೀಳ್ಕೊಡುವಾಗ ಬಿಸಿನೀರಜ್ಜಿ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಕ್ಕ ಅಳುತ್ತಿದ್ದದ್ದು ಅಗಲಿಕೆಗೆ ಎಂದೇ ಆಕೆ ತಿಳಿದಿರಬೇಕು.

ಊರಿಗೆ ಬಂದ ಮೇಲೆ ವಿಭೂತಿ ಹಾಕಿ ದಿನಾ ಉಜ್ಜಿದಳು. ಬೆಳ್ಳಿ ಬಿಳಿಯಾಯಿತು. ಆದರೂ ಕೆತ್ತನೆಯ ಸಂದಿಯಲ್ಲಿ ಕಪ್ಪು ಅದೆ ಅಂತ ತೋರಿಸುವಳು, ನನಗೆ ಕಾಣುತ್ತಿರಲಿಲ್ಲ. ಅತ್ತೆಗೆ ತಾನೇ ಎಲ್ಲ ಹೇಳಿಕೊಂಡಳು, ತನ್ನದೇ ತಪ್ಪು ಅಂತ. ಆ ವರ್ಷ ಬಿತ್ತನೆಯ ಬೆಳಗ್ಗೆ ಅತ್ತೆ ರಾಗಿಯ ಮೊರ ಹಿಡಿದು ನಿಂತಾಗ ಅಕ್ಕ ಹಿಂದೆ ಸರಿದಳು. "ನನ್ ಕೈ ಬ್ಯಾಡ ಅತ್ತೆ. ಗೌರಿ ಕೈಲಿ ಆಕ್ಸಿ." ಅತ್ತೆ ಒಂದು ಮಾತಾದರೂ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಮೊರ ನನ್ನ ಕಡೆ ತಿರುಗಿತು.

ನಾನು ಹಾಕಿದೆ. ಕೈ ನಡುಗಿತು ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು, ನಡುಗಲಿಲ್ಲ. ಹಿಗ್ಗಾಯಿತು. ಹೊಲದ ಬದುವಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಂದಿನ ವರ್ಷವೂ ಹಾಕಿದೆ, ಅದರ ಮುಂದೆಯೂ. ಅತ್ತೆ ತೀರಿಕೊಂಡರು, ಆಮೇಲೂ ಹಾಕಿದೆ. ಆ ಹಿಡಿಯ ರುಚಿ ಹತ್ತಿದ ಮೇಲೆ ಸತ್ಯ ಹೇಳುವುದು ಇನ್ನೂ ಕಷ್ಟವಾಯಿತು.

ಊರಿನ ಹೆಂಗಸರೆಲ್ಲ ಶುಕ್ರವಾರ ಎಣ್ಣೆನೀರು ಹಾಕಿಕೊಂಡು ಬಿಸಿಲಿಗೆ ಕೂದಲು ಹರಡಿ ಕೂತರೆ ಅಕ್ಕ ಮಾತ್ರ ಶನಿವಾರ. "ಸನಿವಾರದ ಮಾದೇವಮ್ಮ" ಅಂತ ನೀರಿನ ತೊಟ್ಟಿಯ ಹತ್ತಿರ ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಈ ವರ್ಷ ಅಕ್ಕನ ಮಗನಿಗೆ ತಾಳಮಲೆಯಿಂದ ಹೆಣ್ಣು ತಂದೆವು. ಪುಟ್ಟ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ಬಂದ ಮೊದಲ ಶುಕ್ರವಾರ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲಿಗೆ ಹೊರಟಿದ್ದಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

"ಸುಕ್ರವಾರ ತಲೆಗೆ ಬ್ಯಾಡ ಕಣವ್ವ. ನಾನೊಂದ್ಸಲ ಆಕ್ಕಂಡು ಇವತ್ಗೂ ಅನುಬವ್ಸ್ತಾ ಇವ್ನಿ. ನಿಂಗಾರ ಬ್ಯಾಡ."

ನಾನು ಅಕ್ಕನ ಮನೆಯ ಒಲೆ ಮುಂದೆ ಕೂತಿದ್ದೆ. ಆ ಮಗು ಏನೂ ಕೇಳದೆ ಬಟ್ಟಲನ್ನು ವಾಪಸು ಗೂಡಿಗಿಟ್ಟಿತು. ನನ್ನ "ಊಂ" ಇನ್ನೊಂದು ತಲೆಗೂ ಹತ್ತಿತು. ನಾಳೆ ಇವಳು ತನ್ನ ಮಗಳಿಗೆ ಹೇಳುತ್ತಾಳೆ, ಅವಳು ಇನ್ನೊಬ್ಬಳಿಗೆ...

ಮಳೆ ಬಿದ್ದು ಬಿತ್ತನೆಗೆ ಹದವಾಯಿತು. ಕೂರಿಗೆ ಹೂಡಿದ್ದರು. ಗಂಡಸರು ಎತ್ತಿನ ಹತ್ತಿರ, ಸೊಸೆ ಬದುವಿನ ಮೇಲೆ. ಅಕ್ಕ ಎಂದಿನಂತೆ ಮೊರ ನನ್ನ ಮುಂದೆ ಹಿಡಿದಳು. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಅಕ್ಕ, ಆ ಉಡುಗಿ ಅಂದ ವೆಳ್ಳಿ ಸುಕ್ರವಾರ ಅಲ್ಲ ಕಣಕ್ಕ. ಬೆಳ್ಳಿ. ಆ ನೀರ್ಗೆ ಬೆಳ್ಳಿ ಕಪ್ಪಾಯ್ತದೆ ಅಂದ್ಲು, ಅಷ್ಟೆ. ಯಾರ್ ಬೆಳ್ಳಿ ಆದ್ರೂ ಆಯ್ತದೆ. ನಂಗೊತ್ತಿತ್ತು. ಅದ್ಕೇ ನಂದ ತಲೆ ಮ್ಯಾಲೆ ಇಟ್ಕಂಡೆ."

ಅಕ್ಕ ನನ್ನನ್ನೇ ನೋಡಿದಳು. ಅಭ್ಯಾಸಬಲದಿಂದ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಬೈಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅಂದುಕೊಂಡೆ. ಅವಳು ಕೇಳಿದ್ದು ಒಂದೇ —

"ಅಂಗಾರೆ ಸಿವ ನನ್ ಮ್ಯಾಲೆ ಮುನುಸ್ಕಂಡಿರ್ನಿಲ್ವಾ?"

"ಇಲ್ಲ ಕಣಕ್ಕ. ಒಂದ್ ದಿನಾನೂ ಇಲ್ಲ."

"ಅತ್ತೆ ಇರೋವಾಗ ಏಳಬಾರ್ದಾಗಿತ್ತಾ..." ಅಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅವಳು ಮೊರವನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿಡಿ ತುಂಬ ರಾಗಿ ತೆಗೆದು ಕೂರಿಗೆಯ ಬಟ್ಟಲಿಗೆ ಹಾಕಿದಳು. ಎತ್ತುಗಳು ಹೊರಟವು. ಅವಳು ಸಾಲಿನ ಹಿಂದೆಯೇ ನಡೆದುಹೋದಳು.

ಅಂದಿನಿಂದ ಅಕ್ಕ ನನ್ನ ಜೊತೆ ಮಾತಾಡಿಲ್ಲ. ಎರಡು ಮನೆಗೂ ಇರುವುದು ಒಂದೇ ಅಂಗಳ, ಆದರೂ ಇಲ್ಲ. ಮಾತಾಡು ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಯಾವಾಗ ಮಾತಾಡಬೇಕು, ಮಾತಾಡಬೇಕೋ ಬೇಡವೋ, ಅದು ಅವಳಿಗೆ ಸೇರಿದ್ದು.

ಇವತ್ತು ಶುಕ್ರವಾರ. ಬಚ್ಚಲಿನಿಂದ ಸೀಗೆಕಾಯಿಯ ವಾಸನೆ ಬಂತು, ಹೊರಗೆ ಇಣುಕಿದೆ. ಅಂಗಳದ ಬಿಸಿಲಿನಲ್ಲಿ ಅಕ್ಕ ನನಗೆ ಬೆನ್ನು ಮಾಡಿ ಕೂತಿದ್ದಳು. ಸೊಸೆ ಅವಳ ಒದ್ದೆ ಕೂದಲನ್ನು ಬಿಡಿಸುತ್ತಿದ್ದಳು. ಆ ಕೂದಲು ಇಷ್ಟು ನರೆತಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ.